ಹದಿನಾಲ್ಕು ನಡೆಯ ಡ್ರಾ

ಕಳೆದ ಭಾನುವಾರ ಮೈಸೂರಿನ ಕಲ್ಯಾಣ ಮಂಟಪವೊಂದರಲ್ಲಿ ರೇಟಿಂಗ್ ಚೆಸ್ ಪಂದ್ಯಾವಳಿಯ ಏಳನೆಯ ಸುತ್ತು, ಅಂದರೆ ಕೊನೆಯ ಸುತ್ತು ನಡೆಯುತ್ತಿತ್ತು. ಒಳಗೆ ಊಟದ ಮೇಜುಗಳ ಮೇಲೆ ಚೆಸ್ ಹಾಸುಗಳು, ಗಡಿಯಾರಗಳು, ತಲೆ ಬಗ್ಗಿಸಿ ಕುಳಿತ ಮಕ್ಕಳು. ಹೊರಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅವರ ಮನೆಯವರು. ಸುತ್ತು ಶುರುವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ, ಹನ್ನೆರಡು ಹದಿಮೂರು ವರ್ಷದ ಹುಡುಗಿಯೊಬ್ಬಳು ಬಾಗಿಲು ದಾಟಿ ಬಂದಳು. ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದ ಅವಳ ತಾತ ಎದ್ದು ನಿಂತರು.

“ಗೆದ್ದೆಯಾ ಮಗಳೇ?”

“ಡ್ರಾ ತಾತ.”

“ಇಷ್ಟು ಬೇಗ?”

“ಹದಿನಾಲ್ಕೇ ನಡೆ.”

ಅವರಿಬ್ಬರೂ ಬೆಳಗಿನ ರೈಲಿನಲ್ಲಿ ಮಂಡ್ಯದಿಂದ ಬಂದವರು. ಪಾಂಡವಪುರ, ಶ್ರೀರಂಗಪಟ್ಟಣ ದಾಟುವಷ್ಟು ಹೊತ್ತೂ ಮೊಮ್ಮಗಳು ಪುಸ್ತಕ ಹಿಡಿದು ಬಾಯಿಪಾಠ ಮಾಡುತ್ತಿದ್ದಳಂತೆ. ಅಷ್ಟೆಲ್ಲ ಓದಿ ಹದಿನಾಲ್ಕು ನಡೆಗೆ ಎದ್ದು ಬಂದದ್ದು ತಾತನಿಗೆ ಸರಿಬರಲಿಲ್ಲ. “ಹದಿನಾಲ್ಕು ನಡೆಗೆ ಆಟ ಕಾವೇರುವುದೇ ಇಲ್ಲ. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಿರಾ?” ಎಂದರು. ಹುಡುಗಿಯ ಕಣ್ಣು ತುಂಬಿ ಬಂತು.

ನಾನು ಸಂಜೆಯ ಹೊತ್ತು ಮಕ್ಕಳಿಗೆ ಚೆಸ್ ಹೇಳಿಕೊಡುವವನು. ನನ್ನ ಇಬ್ಬರು ಶಿಷ್ಯರು ಇನ್ನೂ ಒಳಗೇ ಆಡುತ್ತಿದ್ದರು. ಅವಳ ಕೈಯಲ್ಲಿದ್ದ ನಡೆಗಳ ಹಾಳೆಯನ್ನು ಕೇಳಿ ತೆಗೆದುಕೊಂಡು ನೋಡಿದೆ. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಇದು ಯಾವ ಆಟ ಎಂದು ಗೊತ್ತಾಯಿತು. “ಯಜಮಾನರೇ, ಮೊಮ್ಮಗಳು ತಪ್ಪು ಮಾಡಿಲ್ಲ, ಕುಳಿತುಕೊಳ್ಳಿ, ತೋರಿಸುತ್ತೇನೆ” ಎಂದು ಚೀಲದಿಂದ ಹಾಸು, ಕಾಯಿ ತೆಗೆದು ಖಾಲಿ ಕುರ್ಚಿಯ ಮೇಲೆ ಹರಡಿದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಏಕೆಂದರೆ ಆ ತಾತ ಕೇಳಿದ ಪ್ರಶ್ನೆಯನ್ನು ಪ್ರತಿ ಪಂದ್ಯಾವಳಿಯಲ್ಲೂ ಯಾರಾದರೊಬ್ಬರು ಕೇಳುತ್ತಾರೆ, ಮತ್ತು ಉತ್ತರ ಸಿಗದ ಮಗು ಡ್ರಾ ಎಂದರೆ ಅವಮಾನ ಎಂದುಕೊಂಡು ಮನೆಗೆ ಹೋಗುತ್ತದೆ.

ತಾತನಿಗೆ ಚದುರಂಗ ಹೊಸದೇನಲ್ಲ. ಆದರೆ ಅವರು ಕಲಿತದ್ದು ಊರ ಜಗುಲಿಯ ಆಟ. ಅದರಲ್ಲಿ ಕಾಲಾಳಿಗೆ ಒಂದೇ ಹೆಜ್ಜೆ, ರಾಜ ಒಮ್ಮೆ ಮಾತ್ರ ಕುದುರೆಯಂತೆ ಹಾರಬಹುದು, ಮೊಮ್ಮಗಳು ರಾಣಿ ಎನ್ನುವ ಕಾಯಿ ಅವರ ಬಾಯಲ್ಲಿ ಮಂತ್ರಿ. ಮೈಸೂರು ಸೀಮೆಗೆ ಈ ಆಟದ ಹುಚ್ಚು ಹಳೆಯದು. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದನ್ನು 64 ಮನೆಗಳಿಗೂ ಒಂದೊಂದೇ ಸಲ ಮುಟ್ಟಿಸಿ ತರುವ ದಾರಿಗಳನ್ನು ರಚಿಸಿದವರು. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎಂ.ಎಸ್. ತೇಜ್‌ಕುಮಾರ್ ಕೂಡ ಮೈಸೂರಿನವರೇ. ಹಾಗಾಗಿ ತಾತನಿಗೆ ಕಾಯಿಗಳ ನಡೆ ಹೇಳಿಕೊಡುವ ಕೆಲಸ ನನಗಿರಲಿಲ್ಲ. ಹೇಳಬೇಕಾಗಿದ್ದದ್ದು ಮನೆಗಳ ವಿಳಾಸ ಮಾತ್ರ.

ಬಿಳಿ ಕಾಯಿಗಳ ಹಿಂದೆ ಕುಳಿತವನ ಎಡದಿಂದ ಬಲಕ್ಕೆ ಎಂಟು ಉದ್ದಸಾಲುಗಳಿವೆ: ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಬಿಳಿಯ ಕಡೆಯಿಂದ ಕಪ್ಪಿನ ಕಡೆಗೆ ಅಡ್ಡಸಾಲುಗಳು 1ರಿಂದ 8. ಬಿಳಿ ರಾಜ ಇ1ರಲ್ಲಿ, ಕಪ್ಪು ರಾಜ ಇ8ರಲ್ಲಿ, ಒಂದೇ ಬೀದಿಯ ಎರಡು ತುದಿಯಲ್ಲಿರುತ್ತಾರೆ. ಈ ಆಟದ ಕಥೆಯೆಲ್ಲ ನಡೆಯುವುದು ಆ ಇ ಬೀದಿಯಲ್ಲಿ ಮತ್ತು ಅದರ ಪಕ್ಕದ ಡಿ ಬೀದಿಯಲ್ಲಿ.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡಬೇಕು. ಚೆಸ್‌ನಲ್ಲಿ ಇಬ್ಬರೂ ಸಮನಾಗಿ ಶುರು ಮಾಡುವುದಿಲ್ಲ. ಬಿಳಿ ಮೊದಲು ನಡೆಯುತ್ತದೆ, ಆ ಒಂದು ನಡೆಯ ಮುನ್ನಡೆ ಸಣ್ಣದಾದರೂ ನಿಜವಾದ ಲಾಭ. ನಾಲೆಯಲ್ಲಿ ನೀರು ಬಿಟ್ಟಾಗ ಮೇಲಿನ ಗದ್ದೆಯವನಿಗೆ ಮೊದಲು ಸಿಕ್ಕಂತೆ ಎಂದೆ. ತಾತನಿಗೆ ತಟ್ಟನೆ ಹಿಡಿಸಿತು. “ಕೆಳಗಿನವನು ಏನು ಮಾಡಬೇಕು ಹಾಗಾದರೆ?” ಎಂದು ಕೇಳಿದರು. ತನ್ನ ಸರದಿ ಬರುವ ತನಕ ಪೈರು ಒಣಗದಂತೆ ನೋಡಿಕೊಳ್ಳಬೇಕು. ಕಪ್ಪು ಕಾಯಿಯವರ ಆರಂಭದ ಕೆಲಸ ಅದೇ. ಅವರ ಮೊಮ್ಮಗಳು ಆಡಿದ್ದು ಕಪ್ಪು ಕಾಯಿ.

ಹಾಳೆಯ ಮೊದಲ ಸಾಲು: ಬಿಳಿಯ ಕಾಲಾಳು ಇ4ಕ್ಕೆ, ಕಪ್ಪಿನ ಕಾಲಾಳು ಇ5ಕ್ಕೆ. ಎರಡನೆಯದು: ಬಿಳಿ ಕುದುರೆ ಎಫ್3ಕ್ಕೆ ಬಂದು ಇ5ರ ಕಾಲಾಳಿನ ಮೇಲೆ ಕಣ್ಣು ಹಾಕಿತು, ಕಪ್ಪು ಕುದುರೆ ಸಿ6ಕ್ಕೆ ಬಂದು ಅದಕ್ಕೆ ಕಾವಲು ನಿಂತಿತು. ಮೂರನೆಯದು: ಬಿಳಿ ಒಂಟೆ ಬಿ5ಕ್ಕೆ. ಇದು ಕಾವಲುಗಾರನ ಮೇಲೇ ಒತ್ತಡ ಹಾಕುವ ನಡೆ. 1561ರಲ್ಲಿ ರೂಯ್ ಲೋಪೆಸ್ ಎಂಬ ಸ್ಪೇನಿನ ಪಾದ್ರಿ ತನ್ನ ಚೆಸ್ ಪುಸ್ತಕದಲ್ಲಿ ಚರ್ಚಿಸಿದ ಆರಂಭ ಇದು. ಅದಕ್ಕಾಗಿಯೇ ಇಂದಿಗೂ ಇದಕ್ಕೆ ಸ್ಪ್ಯಾನಿಷ್ ಆರಂಭ ಎಂಬ ಹೆಸರು. ನಾಲ್ಕೂವರೆ ಶತಮಾನ ಕಳೆದರೂ ವಿಶ್ವ ಚಾಂಪಿಯನ್ನರಿಂದ ಹಿಡಿದು ಮಂಡ್ಯದ ಮಕ್ಕಳವರೆಗೆ ಎಲ್ಲರೂ ಇದನ್ನು ಆಡುತ್ತಾರೆ.

ಇಲ್ಲಿ ಕಪ್ಪು ಸಾಮಾನ್ಯವಾಗಿ ಎ6ಕ್ಕೆ ಕಾಲಾಳು ನೂಕಿ, ಆ ಒಂಟೆಯನ್ನು ಇರುತ್ತೀಯೋ ಹೋಗುತ್ತೀಯೋ ಎಂದು ಕೇಳುತ್ತದೆ. ನಮ್ಮ ಹುಡುಗಿ ಹಾಗೆ ಮಾಡದೆ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತಂದು ಬಿಳಿಯ ಇ4ರ ಕಾಲಾಳಿನ ಮೇಲೆ ದಾಳಿ ಇಟ್ಟಳು. ಇದೇ ಬರ್ಲಿನ್ ರಕ್ಷಣೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಲಿನ್ ನಗರದ ಆಟಗಾರರು ಇದನ್ನು ಕೂಲಂಕಷವಾಗಿ ವಿಶ್ಲೇಷಿಸಿದ್ದರಿಂದ ಈ ಹೆಸರು ಬಂತು.

ನಾಲ್ಕನೆಯ ನಡೆಯಲ್ಲಿ ಬಿಳಿ ಕ್ಯಾಸ್ಲಿಂಗ್ ಮಾಡಿತು, ಅಂದರೆ ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸಿತು. ರಾಜ ಜಿ1ಕ್ಕೆ ಸರಿದು ಭದ್ರವಾದ, ಆನೆ ಎಫ್1ಕ್ಕೆ ಬಂತು. ತಾತ ತಡೆದರು: “ಇ4ರ ಕಾಲಾಳನ್ನು ಬಿಟ್ಟುಬಿಟ್ಟನಲ್ಲ!” ಹೌದು, ಬೇಕೆಂದೇ ಬಿಟ್ಟದ್ದು. ಕಪ್ಪು ಕುದುರೆ ಆ ಕಾಲಾಳನ್ನು ತಿಂದರೆ ಇ ಬೀದಿ ತೆರೆದುಕೊಳ್ಳುತ್ತದೆ, ಆ ಬೀದಿಯ ತುದಿಯಲ್ಲಿ ಕಪ್ಪು ರಾಜ ಇನ್ನೂ ಹೊರಡದೆ ನಿಂತಿದ್ದಾನೆ. ಒಂದು ಕಾಲಾಳು ಕೊಟ್ಟು ಸಮಯವನ್ನು ಕೊಂಡ ಹಾಗೆ. ಹುಡುಗಿ ತಿಂದಳು. ಬಿಳಿ ಐದನೆಯ ನಡೆಯಲ್ಲಿ ಕಾಲಾಳನ್ನು ಡಿ4ಕ್ಕೆ ನೂಕಿ ನಡುಮನೆಯನ್ನೇ ಬಿಚ್ಚಲು ನೋಡಿತು. ಕಪ್ಪು ಕುದುರೆ ಇ4ರಲ್ಲೇ ಕುಳಿತಿದ್ದರೆ ಬಿಳಿ ಆನೆ ಇ1ಕ್ಕೆ ಬಂದು ಅದನ್ನು ರಾಜನ ಮುಂದೆ ಕಟ್ಟಿಹಾಕುವ ಅಪಾಯವಿತ್ತು. ಹಾಗಾಗಿ ಕುದುರೆ ಡಿ6ಕ್ಕೆ ಹಿಂದೆ ಬಂತು. ಸುಮ್ಮನೆ ಬರಲಿಲ್ಲ, ಬರುತ್ತಲೇ ಬಿ5ರ ಒಂಟೆಯ ಮೇಲೆ ಬಿತ್ತು.

ನೋಡಲು ಅದು ಚೆಂದದ ನಡೆಯಲ್ಲ. ಡಿ6ರಲ್ಲಿ ಕುಳಿತ ಕುದುರೆ ತನ್ನದೇ ಡಿ7ರ ಕಾಲಾಳಿಗೆ ಅಡ್ಡ, ಆ ಕಾಲಾಳು ಕದಲದಿದ್ದರೆ ಸಿ8ರ ಒಂಟೆಗೆ ಬಾಗಿಲಿಲ್ಲ. ಇಷ್ಟೊಂದು ಇಕ್ಕಟ್ಟನ್ನು ಒಪ್ಪಿಕೊಂಡು, ಆದರೆ ಎಲ್ಲೂ ಬಿರುಕು ಬಿಡದೆ ನಿಲ್ಲುವುದೇ ಈ ರಕ್ಷಣೆಯ ಸ್ವಭಾವ.

ಆರನೆಯ ನಡೆಗೆ ದಾರಿ ಎರಡಾಗುತ್ತದೆ. ಬಿಳಿ ಕಾಯಿ ಆಡುತ್ತಿದ್ದ ಹುಡುಗ ಹಿಡಿಯದ ದಾರಿಯ ಬಗ್ಗೆ ಮೊದಲು ಹೇಳುತ್ತೇನೆ, ಏಕೆಂದರೆ ಈ ಆರಂಭಕ್ಕೆ ಇಂದಿನ ಕೀರ್ತಿ ಬಂದದ್ದು ಆ ದಾರಿಯಿಂದ. ಅಲ್ಲಿ ಬಿಳಿ ಒಂಟೆ ಸಿ6ರ ಕುದುರೆಯನ್ನು ಕಡಿಯುತ್ತದೆ, ಕಪ್ಪು ಡಿ ಕಾಲಾಳಿನಿಂದ ಅದನ್ನು ತೆಗೆಯುತ್ತದೆ. ಬಿಳಿ ಇ5ರ ಕಾಲಾಳನ್ನು ತಿನ್ನುತ್ತದೆ, ಕಪ್ಪು ಕುದುರೆ ಎಫ್5ಕ್ಕೆ ಸರಿಯುತ್ತದೆ, ಎಂಟನೆಯ ನಡೆಗೆ ರಾಣಿಗಳೆರಡೂ ಹಾಸಿನಿಂದ ಹೊರಗೆ. ಕಪ್ಪು ರಾಜ ಡಿ8ರಲ್ಲಿ ನಿಂತಿರುತ್ತಾನೆ, ಇನ್ನು ಅವನಿಗೆ ಕ್ಯಾಸ್ಲಿಂಗ್ ಇಲ್ಲ. ಸಿ ಸಾಲಿನಲ್ಲಿ ಕಪ್ಪಿನ ಎರಡು ಕಾಲಾಳುಗಳು ಒಂದರ ಹಿಂದೊಂದು ಸಿಕ್ಕಿಕೊಂಡಿವೆ. ರಾಜನ ಬದಿಯಲ್ಲಿ ಬಿಳಿಗೆ ನಾಲ್ಕು ಕಾಲಾಳು, ಕಪ್ಪಿಗೆ ಮೂರು. ಉಳಿದ ಕಾಯಿಗಳೆಲ್ಲ ಹೋಗಿ ರಾಜ ಮತ್ತು ಕಾಲಾಳುಗಳು ಮಾತ್ರ ಉಳಿದರೆ ಸಾಮಾನ್ಯವಾಗಿ ಬಿಳಿಯೇ ಗೆಲ್ಲುತ್ತದೆ. ಲೆಕ್ಕದ ಪುಸ್ತಕದಲ್ಲಿ ಕಪ್ಪು ಸೋತಂತೆಯೇ ಕಾಣುತ್ತದೆ. ಆದರೆ ಕಪ್ಪಿಗೆ ಎರಡೂ ಒಂಟೆಗಳಿವೆ, ಶತ್ರು ಹೊಕ್ಕುವುದಕ್ಕೆ ಸಂದೇ ಇಲ್ಲ, ರಾಣಿಯಿಲ್ಲದ ಹಾಸಿನಲ್ಲಿ ನಡುವೆ ನಿಂತ ರಾಜನಿಗೆ ಅಂಥ ಭಯವೂ ಇಲ್ಲ.

2000ನೆಯ ಇಸವಿಯಲ್ಲಿ ಲಂಡನ್ನಿನಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ಈ ಗೋಡೆಯನ್ನು ಗ್ಯಾರಿ ಕಾಸ್ಪರೋವ್ ಮುಂದೆ ಎಬ್ಬಿಸಿದರು. ಕಾಸ್ಪರೋವ್ 1985ರಿಂದ ವಿಶ್ವ ಚಾಂಪಿಯನ್, ದಾಳಿಯ ಆಟಕ್ಕೆ ಅವರನ್ನು ಮೀರಿಸುವವರಿರಲಿಲ್ಲ. ಆ ಪಂದ್ಯದ ನಾಲ್ಕು ಆಟಗಳಲ್ಲಿ ಬರ್ಲಿನ್ ಬಂತು, ನಾಲ್ಕೂ ಡ್ರಾ. ಹದಿನೈದು ಆಟಗಳಲ್ಲಿ ಕ್ರಾಮ್ನಿಕ್ ಎರಡನ್ನು ಗೆದ್ದರು, ಹದಿಮೂರು ಡ್ರಾ ಆದವು, ಕಾಸ್ಪರೋವ್ ಒಂದನ್ನೂ ಗೆಲ್ಲಲಿಲ್ಲ. ಎಂಟೂವರೆ, ಆರೂವರೆ ಅಂಕಗಳಿಗೆ ಕಿರೀಟ ಕೈಬದಲಾಯಿತು. ಚಾಂಪಿಯನ್ ಒಬ್ಬರು ಒಂದೂ ಆಟ ಗೆಲ್ಲದೆ ಪಟ್ಟ ಕಳೆದುಕೊಂಡದ್ದು 1921ರಲ್ಲಿ ಲಾಸ್ಕರ್ ಅವರು ಕಾಪಾಬ್ಲಾಂಕಾಗೆ ಸೋತ ಮೇಲೆ ಅದೇ ಮೊದಲು. ಅಂದಿನಿಂದ ಈ ಆರಂಭವನ್ನು ಬರ್ಲಿನ್ ಗೋಡೆ ಎಂದು ಕರೆಯುವುದು ರೂಢಿಯಾಯಿತು. ಆ ನಾಲ್ಕು ಡ್ರಾಗಳನ್ನು ಯಾರಾದರೂ ಏನೂ ನಡೆಯದ ಆಟಗಳು ಎಂದರೆ ನಾನು ಒಪ್ಪುವುದಿಲ್ಲ. ಕ್ರಾಮ್ನಿಕ್ ಗೆದ್ದ ಎರಡು ಆಟಗಳಷ್ಟೇ ಆ ನಾಲ್ಕು ಡ್ರಾಗಳೂ ಅವರಿಗೆ ಪಟ್ಟ ತಂದುಕೊಟ್ಟವು.

ಈಗ ಹುಡುಗ ಹಿಡಿದ ದಾರಿಗೆ ಬರೋಣ. ಅವನು ಆರನೆಯ ನಡೆಯಲ್ಲಿ ಒಂಟೆಯನ್ನು ಬಿಟ್ಟು ಇ5ರ ಕಾಲಾಳನ್ನು ತಿಂದ. ಹುಡುಗಿಯ ಕುದುರೆ ಬಿ5ರ ಒಂಟೆಯನ್ನು ಎತ್ತಿಕೊಂಡಿತು. ತಾತ ನಕ್ಕರು, ಒಂಟೆ ಪುಕ್ಕಟೆ ಸಿಕ್ಕಿತೆಂದು. ಏಳನೆಯ ನಡೆಯಲ್ಲಿ ಬಿಳಿಯ ಕಾಲಾಳು ಎ4ಕ್ಕೆ ಬಂದು ಬಿ5ರ ಕುದುರೆಯ ಮೇಲೆ ಕೈಯಿಟ್ಟಿತು. ಇಲ್ಲಿ ಒಂದು ನಿಮಿಷ ನಿಂತು ಎಣಿಸಬೇಕು. ಬಿ5ರಿಂದ ಕುದುರೆ ಹಾರಬಹುದಾದ ಮನೆಗಳು ಆರು. ಎ7, ಸಿ7ರಲ್ಲಿ ಸ್ವಂತ ಕಾಲಾಳುಗಳೇ ಕುಳಿತಿವೆ. ಎ3 ಮತ್ತು ಸಿ3ರಲ್ಲಿ ಬಿಳಿಯ ಬಿ2ರ ಕಾಲಾಳು ಹಿಡಿಯುತ್ತದೆ. ಡಿ6ರಲ್ಲಿ ಇ5ರ ಕಾಲಾಳು ಹಿಡಿಯುತ್ತದೆ. ಡಿ4ರಲ್ಲಿ ಎಫ್3ರ ಕುದುರೆ. ಎಲ್ಲಿಗೆ ಹೋದರೂ ಸಾವು ಖಚಿತ. ಅಂದರೆ ಒಂಟೆಯ ಮುಯ್ಯಿ ಕುದುರೆಯ ರೂಪದಲ್ಲಿ ಹಿಂದಿರುಗಲೇಬೇಕು. ಮದುವೆ ಮನೆಯಲ್ಲಿ ಕುಳಿತಿದ್ದೆವಲ್ಲ, ತಾತನಿಗೆ ಮುಯ್ಯಿಯ ಲೆಕ್ಕ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಹುಡುಗಿ ಇರುವುದರಲ್ಲಿ ಒಳ್ಳೆಯ ಸಾವನ್ನು ಆರಿಸಿದಳು. ಬಿ5ರ ಕುದುರೆ ಡಿ4ಕ್ಕೆ ಹಾರಿತು. ಬಿಳಿ ಕುದುರೆ ಅದನ್ನು ತಿಂದಿತು, ಸಿ6ರಲ್ಲಿದ್ದ ಇನ್ನೊಂದು ಕಪ್ಪು ಕುದುರೆ ಆ ಬಿಳಿ ಕುದುರೆಯನ್ನು ತಿಂದಿತು, ಬಿಳಿ ರಾಣಿ ಬಂದು ಆ ಕಪ್ಪು ಕುದುರೆಯನ್ನು ತಿಂದು ಡಿ4ರಲ್ಲಿ ನಿಂತಿತು. ಒಂಬತ್ತನೆಯ ನಡೆಗೆ ಬಿಳಿ ರಾಣಿ ಹಾಸಿನ ನಟ್ಟನಡುವೆ ಕುಳಿತಿದೆ, ಇ5ರ ಬಿಳಿ ಕಾಲಾಳು ಕಪ್ಪಿನ ಎದೆಯ ಮೇಲೆ ಕುಳಿತಿದೆ. ಕಪ್ಪಿನ ಒಂದು ಕಾಯಿಯೂ ಹೊರಗೆ ಬಂದಿಲ್ಲ. ಇಲ್ಲಿ ಹಿಂಜರಿದರೆ ಕಷ್ಟ.

ಅವಳು ಕಾಲಾಳನ್ನು ಡಿ7ರಿಂದ ಎರಡು ಹೆಜ್ಜೆ ನೂಕಿ ಡಿ5ಕ್ಕೆ ತಂದಳು. ಈ ಆಟದಲ್ಲಿ ನನಗೆ ತುಂಬ ಇಷ್ಟವಾದ ನಡೆ ಇದು. ಬಿಳಿ ಸುಮ್ಮನಿದ್ದರೆ ಕಪ್ಪಿಗೆ ನಡುವೆ ಒಳ್ಳೆಯ ಜಾಗ ಸಿಕ್ಕಿತು, ಸಿ8ರ ಒಂಟೆಗೆ ಬಾಗಿಲು ತೆರೆಯಿತು. ಹಾಗಾಗಿ ಬಿಳಿ ಹತ್ತನೆಯ ನಡೆಯಲ್ಲಿ ಇ5ರ ಕಾಲಾಳನ್ನು ಡಿ6ಕ್ಕೆ ಓರೆಯಾಗಿ ನಡೆಸಿ, ಡಿ5ರಲ್ಲಿದ್ದ ಕಪ್ಪು ಕಾಲಾಳನ್ನು ಎತ್ತಿ ಹೊರಗಿಟ್ಟಿತು.

“ಇದು ಯಾವ ನ್ಯಾಯ?” ಎಂದರು ತಾತ. “ಡಿ6ರಲ್ಲಿ ಏನೂ ಇರಲಿಲ್ಲವಲ್ಲ!”

ಅವರ ಜಗುಲಿಯ ಆಟದಲ್ಲಿ ಈ ನಿಯಮ ಇರಲಿಕ್ಕೆ ಸಾಧ್ಯವೇ ಇರಲಿಲ್ಲ, ಏಕೆಂದರೆ ಅಲ್ಲಿ ಕಾಲಾಳಿಗೆ ಒಂದೇ ಹೆಜ್ಜೆ. ಮೊದಲ ನಡೆಯಲ್ಲಿ ಎರಡು ಹೆಜ್ಜೆ ಇಡುವ ಅನುಕೂಲ ಬಂದಾಗ, ಎದುರಾಳಿಯ ಕಾಲಾಳು ಕಾವಲಿದ್ದ ಮನೆಯನ್ನು ಹಾರಿಕೊಂಡು ಪಾರಾಗುವ ದಾರಿ ಹುಟ್ಟಿತು. ಅದನ್ನು ತಡೆಯಲು ಈ ನಿಯಮ: ಹಾಗೆ ಹಾರಿದ ಕಾಲಾಳನ್ನು ಅದು ಒಂದೇ ಹೆಜ್ಜೆ ಇಟ್ಟಿತ್ತು ಎಂಬಂತೆ ಭಾವಿಸಿ ಹಿಡಿಯಬಹುದು, ಆದರೆ ಮರುನಡೆಯಲ್ಲಿ ಮಾತ್ರ. ಫ್ರೆಂಚ್ ಮಾತಿನಲ್ಲಿ ಇದಕ್ಕೆ ಆನ್ ಪಾಸಾಂ ಎನ್ನುತ್ತಾರೆ, ದಾರಿಯಲ್ಲಿ ಹೋಗುತ್ತಾ ಎಂದರ್ಥ. ತಾತ ಸ್ವಲ್ಪ ಹೊತ್ತು ಯೋಚಿಸಿ, ಸುಂಕದ ಕಟ್ಟೆ ತಪ್ಪಿಸಿ ಓಡಿದ ಗಾಡಿಯನ್ನು ಮುಂದೆ ಹಿಡಿದ ಹಾಗೆ ಎಂದರು. ಅದಕ್ಕಿಂತ ಸರಿಯಾದ ವಿವರಣೆ ನನಗೆ ತಿಳಿದಿಲ್ಲ.

ಹುಡುಗಿಯ ರಾಣಿ ಡಿ6ರ ಆ ಬಿಳಿ ಕಾಲಾಳನ್ನು ತಿಂದಿತು. ಈಗ ಲೆಕ್ಕ ನೋಡಿ. ಬಿಳಿ ಕಳೆದುಕೊಂಡದ್ದು ಒಂದು ಒಂಟೆ, ಒಂದು ಕುದುರೆ, ಎರಡು ಕಾಲಾಳು. ಕಪ್ಪು ಕಳೆದುಕೊಂಡದ್ದು ಎರಡು ಕುದುರೆ, ಎರಡು ಕಾಲಾಳು. ಇಬ್ಬರಿಗೂ ಆರಾರು ಕಾಲಾಳುಗಳು ಉಳಿದಿವೆ, ಅದೂ ಒಂದೇ ಸಾಲುಗಳಲ್ಲಿ. ಡಿ ಮತ್ತು ಇ ಬೀದಿಗಳಲ್ಲಿ ಕಾಲಾಳುಗಳೇ ಇಲ್ಲ. ಕಪ್ಪಿಗೆ ಒಂಟೆಗಳ ಜೋಡಿ ಇದೆ, ತೆರೆದ ಹಾಸಿನಲ್ಲಿ ಅದಕ್ಕೆ ತುಸು ಹೆಚ್ಚೇ ಬೆಲೆ. ಬಿಳಿಗೆ ರಾಜ ಭದ್ರವಾಗಿದ್ದಾನೆ, ನಡೆಯೂ ಅದರದೇ. ಮೇಲಿನ ಗದ್ದೆಯವನಿಗೆ ಮೊದಲು ಬಂದ ನೀರಿನ ಲಾಭ ಹತ್ತು ನಡೆಯಲ್ಲಿ ಮುಗಿದುಹೋಗಿದೆ. ಮೊಮ್ಮಗಳು ಗಳಿಸಿದ್ದು ಇದನ್ನೇ. ಡ್ರಾ ಆದದ್ದು ಹದಿನಾಲ್ಕನೆಯ ನಡೆಯಲ್ಲಿ, ಆದರೆ ಆ ಅರ್ಧ ಅಂಕ ದುಡಿದದ್ದು ಈ ಹತ್ತು ನಡೆಗಳಲ್ಲಿ.

ರಾಣಿಗಳು ಡಿ4, ಡಿ6ರಲ್ಲಿ ಎದುರುಬದುರು ನಿಂತಿವೆ. ಬಿಳಿ ರಾಣಿಯನ್ನು ಬದಲಾಯಿಸಿಕೊಂಡರೆ ಸಮನಾದ, ಕಪ್ಪಿನ ಒಂಟೆಗಳು ಓಡಾಡಬಲ್ಲ ಕೊನೆಯಾಟ. ಹುಡುಗನಿಗೆ ಅದು ಬೇಡವಾಗಿತ್ತು. ಅವನು ರಾಣಿಯನ್ನು ಇ4ಕ್ಕೆ ತಂದು ಚೆಕ್ ಕೊಟ್ಟ. ಅವಳು ರಾಣಿಯನ್ನು ಇ6ಕ್ಕೆ ಅಡ್ಡ ಹಾಕಿದಳು. ಅವನ ರಾಣಿ ಮತ್ತೆ ಡಿ4ಕ್ಕೆ ಹೋಯಿತು. ಈಗ ಅವಳಿಗೊಂದು ತೊಡಕಿದೆ. ಎಫ್8ರ ಒಂಟೆ ಕದಲಿದರೆ ಬಿಳಿ ರಾಣಿ ನೇರವಾಗಿ ಜಿ7ರ ಕಾಲಾಳನ್ನು ತಿನ್ನುತ್ತದೆ. ಒಂಟೆ ಕದಲದಿದ್ದರೆ ರಾಜನ ಬದಿಯ ಕ್ಯಾಸ್ಲಿಂಗ್ ಇಲ್ಲ. ಸರಳ ಉತ್ತರ ಎಂದರೆ ರಾಣಿಯನ್ನು ಮತ್ತೆ ಡಿ6ಕ್ಕೆ ತಂದು, ಬದಲಾಯಿಸಿಕೊಳ್ಳುತ್ತೀಯಾ ಎಂದು ಕೇಳುವುದು. ಅವಳು ಕೇಳಿದಳು. ಅವನು ಮತ್ತೆ ಇ4, ಅವಳು ಇ6. ಅವನು ಡಿ4.

ಆಗ ಅವಳು ಮಾಡಿದ ಕೆಲಸವನ್ನು ನಾನು ನನ್ನ ಶಿಷ್ಯರಿಗೆ ಮತ್ತೆ ಮತ್ತೆ ಹೇಳುತ್ತೇನೆ. ರಾಣಿಯನ್ನು ಮುಟ್ಟಲಿಲ್ಲ. ಹದಿನಾಲ್ಕನೆಯ ನಡೆ ರಾಣಿ ಡಿ6 ಎಂದು ಹಾಳೆಯಲ್ಲಿ ಬರೆದಳು, ಗಡಿಯಾರ ನಿಲ್ಲಿಸಿದಳು, ಕೈಯೆತ್ತಿ ತೀರ್ಪುಗಾರರನ್ನು ಕರೆದು, ಈ ನಡೆ ಆಡಿದರೆ ಇದೇ ಸ್ಥಿತಿ ಮೂರನೆಯ ಸಲ ಬರುತ್ತದೆ, ಡ್ರಾ ಕೊಡಿ ಎಂದಳು. ತೀರ್ಪುಗಾರರು ಹಾಳೆ ನೋಡಿ ಒಪ್ಪಿದರು.

ಈ ನಿಯಮವನ್ನು ದೊಡ್ಡವರೂ ತಪ್ಪು ತಿಳಿಯುತ್ತಾರೆ. ಮೂರು ಸಲ ಬರಬೇಕಾದದ್ದು ನಡೆಯಲ್ಲ, ಹಾಸಿನ ಮೇಲಿನ ಸ್ಥಿತಿ. ಅದು ಬೆನ್ನುಬೆನ್ನಿಗೆ ಬರಬೇಕೆಂದೂ ಇಲ್ಲ. ಹತ್ತನೆಯ ನಡೆಯಲ್ಲಿ ಒಮ್ಮೆ, ನಲವತ್ತರಲ್ಲಿ ಇನ್ನೊಮ್ಮೆ ಬಂದರೂ ಲೆಕ್ಕಕ್ಕುಂಟು. ಕಾಯಿಗಳು ಅದೇ ಮನೆಗಳಲ್ಲಿದ್ದರೆ ಸಾಲದು, ನಡೆಯುವ ಸರದಿ ಅದೇ ಬದಿಯದಾಗಿರಬೇಕು, ಕ್ಯಾಸ್ಲಿಂಗ್ ಮತ್ತು ಆನ್ ಪಾಸಾಂ ಹಕ್ಕುಗಳೂ ಅವೇ ಆಗಿರಬೇಕು. ಈ ಆಟದಲ್ಲಿ ಹತ್ತು, ಹನ್ನೆರಡು, ಹದಿನಾಲ್ಕನೆಯ ನಡೆಗಳ ಕೊನೆಗೆ ಕಪ್ಪು ರಾಜನೂ ಆನೆಗಳೂ ಹುಟ್ಟಿದ ಮನೆ ಬಿಟ್ಟಿರಲಿಲ್ಲ, ಹಕ್ಕುಗಳೆಲ್ಲ ಹಾಗೇ ಇದ್ದವು. ಡ್ರಾ ಕೇಳುವ ಹಕ್ಕು ಇರುವುದು ನಡೆಯುವ ಸರದಿ ಯಾರದೋ ಅವರಿಗೆ ಮಾತ್ರ. ಕಾಯಿ ಮುಟ್ಟಿದರೆ ಆ ನಡೆಗೆ ಹಕ್ಕು ಹೋಯಿತು. ತಪ್ಪು ಬೇಡಿಕೆಯಾದರೆ ಎದುರಾಳಿಗೆ ಎರಡು ನಿಮಿಷ ಹೆಚ್ಚು ಸಿಗುತ್ತದೆ. ನನ್ನ ಶಿಷ್ಯನೊಬ್ಬ ಸೋಲುವ ಆಟವನ್ನು ಹೀಗೆ ಉಳಿಸಿಕೊಳ್ಳಬಹುದಿತ್ತು. ಅವನು ಮೊದಲು ನಡೆದು ಆಮೇಲೆ ಕೈಯೆತ್ತಿದ. ಸರದಿ ಎದುರಾಳಿಯದಾಗಿತ್ತು, ಎದುರಾಳಿ ಬೇರೆ ನಡೆ ಆಡಿ ಗೆದ್ದ. ಒಟ್ಟು ಐದು ಸಲ ಅದೇ ಸ್ಥಿತಿ ಬಂದರೆ ಯಾರೂ ಕೇಳದಿದ್ದರೂ ತೀರ್ಪುಗಾರರೇ ಆಟ ಮುಗಿಸುತ್ತಾರೆ.

ಡ್ರಾಗೆ ಬೇರೆ ದಾರಿಗಳೂ ಇವೆ: ಚೆಕ್ ಇಲ್ಲದೆ ನಡೆಯೇ ಇಲ್ಲದಂತಾಗುವ ಸ್ಟೇಲ್‌ಮೇಟ್, ಮೇಟ್ ಮಾಡಲು ಕಾಯಿಗಳೇ ಸಾಲದಿರುವುದು, ಕಾಲಾಳು ಕದಲದೆ ಕಾಯಿ ಬೀಳದೆ ಇಬ್ಬರೂ ಐವತ್ತೈವತ್ತು ನಡೆ ಕಳೆಯುವುದು, ಇಬ್ಬರ ಒಪ್ಪಿಗೆ.

ತಾತನ ಅನುಮಾನ ಇದ್ದದ್ದು ಆ ಒಪ್ಪಿಗೆಯ ಬಗ್ಗೆ. ಅದು ಆಧಾರವಿಲ್ಲದ ಅನುಮಾನ ಎಂದು ನಾನು ಹೇಳಲಾರೆ. ಈ ಹದಿನಾಲ್ಕು ನಡೆಗಳು ಚೆಸ್ ಲೋಕಕ್ಕೆಲ್ಲ ಬಾಯಿಪಾಠ. ದೊಡ್ಡ ದೊಡ್ಡ ಪಂದ್ಯಾವಳಿಗಳಲ್ಲಿ ದಣಿದ ಗ್ರ್ಯಾಂಡ್‌ಮಾಸ್ಟರುಗಳು ಇದನ್ನೇ ಆಡಿ ಹತ್ತು ನಿಮಿಷದಲ್ಲಿ ಎದ್ದು ಹೋಗುತ್ತಾರೆ, ನೋಡಲು ಬಂದವರಿಗೆ ಅದು ಮೋಸವೆನಿಸುತ್ತದೆ. 2005ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ಆಟಗಾರರು ತಾವಾಗಿ ಮಾತಾಡಿಕೊಂಡು ಡ್ರಾ ಮಾಡಿಕೊಳ್ಳಬಾರದು ಎಂಬ ನಿಯಮ ತಂದರು, ಆಮೇಲೆ ಹಲವು ಕಡೆ ಅದು ಬಳಕೆಗೆ ಬಂತು. ಆದರೆ ಮೂರು ಸಲದ ಪುನರಾವರ್ತನೆಯನ್ನು ಹಾಗೆ ತಡೆಯಲಾಗುವುದಿಲ್ಲ, ಅದು ಆಟದ ನಿಯಮದ ಒಳಗೇ ಇದೆ. ಗೆರೆ ಎಲ್ಲಿದೆ ಎಂಬುದಕ್ಕೆ 2023ರ ಡಿಸೆಂಬರಿನಲ್ಲಿ ಸಮರ್ಕಂಡ್‌ನಲ್ಲಿ ನಡೆದ ವಿಶ್ವ ಬ್ಲಿಟ್ಜ್ (ಅತಿ ವೇಗದ ಚೆಸ್) ಚಾಂಪಿಯನ್‌ಷಿಪ್ ಒಂದು ಉದಾಹರಣೆ. ಅಲ್ಲಿ ರಷ್ಯಾದ ಗ್ರ್ಯಾಂಡ್‌ಮಾಸ್ಟರುಗಳಾದ ನೆಪೋಮ್ನಿಯಾಶಿ ಮತ್ತು ದುಬೋವ್ ಕುದುರೆಗಳನ್ನು ಕುಣಿಸಿ ಕುಣಿಸಿ ಡ್ರಾ ಮಾಡಿಕೊಂಡರು. ಮೊದಲೇ ಗೊತ್ತುಮಾಡಿಕೊಂಡ ಆಟ ಎಂದು ತೀರ್ಮಾನವಾಗಿ ಇಬ್ಬರಿಗೂ ಸೊನ್ನೆ ಅಂಕ ಬಂತು. ಮೊದಲೇ ಮಾತಾಡಿಕೊಂಡು ಬಂದರೆ ಅದು ವಂಚನೆ. ಹಾಸಿನ ಮುಂದೆ ಕುಳಿತು, ತನಗೆ ಗೊತ್ತಿರುವುದನ್ನು ಆಡಿ, ಎದುರಾಳಿಯೂ ಅದನ್ನೇ ಆರಿಸಿದರೆ ಅದು ಆಟ.

ಮೊಮ್ಮಗಳನ್ನು ಕೇಳಿದೆ. ಆ ಹುಡುಗ ಯಾರೆಂದು ಬೆಳಿಗ್ಗೆ ಪಟ್ಟಿ ಅಂಟಿಸುವ ತನಕ ಅವಳಿಗೆ ಗೊತ್ತಿರಲಿಲ್ಲ. ಅವನು ಆರು ಸುತ್ತಿನಲ್ಲಿ ಐದೂವರೆ ಅಂಕ ಗಳಿಸಿದ್ದ, ಇವಳು ಐದು. ಅವನ ರೇಟಿಂಗ್, ಅಂದರೆ ಆಟದ ಬಲ ತೋರಿಸುವ ಸಂಖ್ಯೆ, ಇವಳಿಗಿಂತ 200 ಹೆಚ್ಚು. ಅಷ್ಟು ಅಂತರವಿದ್ದಾಗ ಕೆಳಗಿನವರಿಂದ ಒಂದು ಆಟಕ್ಕೆ ನಿರೀಕ್ಷಿಸುವ ಅಂಕ 0.24 ಮಾತ್ರ. ಅವಳಿಗೆ ಬಂದದ್ದು 0.50. ಹದಿನೆಂಟು ವರ್ಷದೊಳಗಿನ, 2300 ಮುಟ್ಟದ ಆಟಗಾರರಿಗೆ ಆ ವ್ಯತ್ಯಾಸವನ್ನು 40ರಿಂದ ಗುಣಿಸುತ್ತಾರೆ, ಅಂದರೆ ಈ ಒಂದು ಡ್ರಾದಿಂದ ಅವಳ ರೇಟಿಂಗ್ 10.4 ಏರುತ್ತದೆ. ತನಗಿಂತ ಬಲಿಷ್ಠರ ಎದುರು ಕಪ್ಪು ಕಾಯಿ ಹಿಡಿದು ಅರ್ಧ ಅಂಕ ಉಳಿಸಿಕೊಳ್ಳಲು ಕಲಿಯದೆ ಯಾರೂ ಗ್ರ್ಯಾಂಡ್‌ಮಾಸ್ಟರ್ ಆಗಿಲ್ಲ.

ಹೀಗಿರುವಾಗ ಪ್ರಶ್ನೆ ಕೇಳಬೇಕಾದದ್ದು ಬಿಳಿ ಆಡಿದ ಹುಡುಗನನ್ನು. ಇ4ರ ಬದಲು ಇ3ರಿಂದ ಚೆಕ್ ಕೊಟ್ಟು ಅವನು ಆಟವನ್ನು ಮುಂದುವರಿಸಬಹುದಿತ್ತು. ಆರನೆಯ ನಡೆಯಲ್ಲಿ ಗೋಡೆಯ ದಾರಿಯನ್ನೇ ಹಿಡಿದು ಐವತ್ತು ನಡೆ ಸೆಣಸಬಹುದಿತ್ತು. ಅರ್ಧ ಅಂಕ ಬಂದರೆ ಬಹುಮಾನ ಕೈತಪ್ಪುವುದಿಲ್ಲ ಎಂದು ಅವನು ಲೆಕ್ಕ ಹಾಕಿದ, ಅದು ಅವನ ಹಕ್ಕು. ನನ್ನ ಶಿಷ್ಯನಾಗಿದ್ದರೆ ಆ ದಿನ ಏನೂ ಅನ್ನುತ್ತಿರಲಿಲ್ಲ, ಮರುದಿನ ಕೂರಿಸಿಕೊಂಡು ಗೋಡೆಯ ದಾರಿಯ ಕೊನೆಯಾಟವನ್ನು ಮೊದಲಿನಿಂದ ಹೇಳಿಕೊಡುತ್ತಿದ್ದೆ. ಮಕ್ಕಳು ಈ ಹದಿನಾಲ್ಕು ನಡೆಗೇ ಅಭ್ಯಾಸವಾದರೆ ಕೊನೆಯಾಟ ಕಲಿಯುವುದೇ ಇಲ್ಲ ಎಂಬ ಚಿಂತೆ ನನಗೆ ನಿಜವಾಗಿ ಇದೆ. ಹುಡುಗಿಗೂ ಅದನ್ನೇ ಹೇಳಿದೆ. ಹನ್ನೆರಡನೆಯ ನಡೆಯಲ್ಲಿ ರಾಣಿಯನ್ನು ಹಿಂದಕ್ಕೆ ತರದೆ ಸಿ8ರ ಒಂಟೆಯನ್ನು ಡಿ7ಕ್ಕೆ ತಂದು, ರಾಣಿಯ ಬದಿಗೆ ಕ್ಯಾಸ್ಲಿಂಗ್ ಮಾಡುವ ಯೋಚನೆಯೂ ಇತ್ತಲ್ಲ ಎಂದೆ.

“ನೋಡಿದೆ ಸರ್. ರಾಜ ಸಿ8ಕ್ಕೆ ಹೋದರೆ ಎ7ರ ಕಾಲಾಳಿಗೆ ಕಾವಲಿಲ್ಲ. ಅವರ ರಾಣಿ ತಿನ್ನುತ್ತದೆ” ಎಂದಳು. ಅಷ್ಟು ದೂರ ನೋಡಿಯೇ ಅವಳು ಡಿ6ಕ್ಕೆ ಹೋಗಿದ್ದಳು.

ತಾತ ಈಗ ಹಾಸಿನ ಮೇಲೆ ಬಾಗಿ ಕುಳಿತಿದ್ದರು. ಕಪ್ಪು ಒಂಟೆಯನ್ನು ತಾವೇ ಎತ್ತಿ ಡಿ7ರಲ್ಲಿಟ್ಟರು. “ಇರು. ನಿನ್ನ ಮಂತ್ರಿ ಇ6ರಲ್ಲಿದೆ, ಹಿಂದೆಯೇ ನಿನ್ನ ರಾಜ. ನಾನು ಆನೆಯನ್ನು ಈ ಬೀದಿಗೆ ತಂದರೆ ಮಂತ್ರಿ ಕದಲುವ ಹಾಗಿಲ್ಲ, ಸಿಕ್ಕಿಬಿತ್ತು” ಎಂದು ಎಫ್1ರ ಆನೆಯನ್ನು ಇ1ಕ್ಕೆ ಸರಿಸಿ ಮೊಮ್ಮಗಳ ಮುಖ ನೋಡಿದರು.

ಅವಳು ಕಣ್ಣೊರೆಸಿಕೊಂಡು ರಾಣಿಯನ್ನು ಎತ್ತಿದಳು. ಖಾಲಿ ಬೀದಿಯ ಉದ್ದಕ್ಕೂ ಇಳಿಸಿ ಇ1ರ ಆನೆಯನ್ನು ತೆಗೆದು ಅಲ್ಲೇ ಇಟ್ಟಳು. ಬಿಳಿ ರಾಜ ಜಿ1ರಲ್ಲಿ, ಮುಂದೆ ತನ್ನವೇ ಮೂರು ಕಾಲಾಳುಗಳು. ಬಿ1ರ ಕುದುರೆ, ಸಿ1ರ ಒಂಟೆ ಎದ್ದೇ ಇರಲಿಲ್ಲ, ಅವುಗಳ ಹಿಂದೆ ಎ1ರ ಆನೆಗೆ ದಾರಿಯಿರಲಿಲ್ಲ. ಡಿ4ರ ರಾಣಿಗೆ ಎಫ್1 ಎಟುಕುತ್ತಿರಲಿಲ್ಲ.

“ಮೇಟ್ ತಾತ” ಎಂದಳು.